ಆರನೇ ಸಾಲು

ಜೂನ್ 11, ಮಂಗಳವಾರ. ಸಂಜೆ

ಹಾಜರಿಗೇ ಹದಿನೇಳು ನಿಮಿಷ ಹೋಯಿತು. ಮೂವತ್ತೆಂಟು ಮಕ್ಕಳು, ಒಂಬತ್ತು ಮನೆಮಾತು. ಹೆಸರು ತಪ್ಪಾಗಿ ಕರೆದರೆ ಆ ಮಗು ಏಳುವುದಿಲ್ಲ. ಸರಿಯಾಗಿ ಕರೆಯಲು ಹೋದರೆ ಉಳಿದ ಮೂವತ್ತೇಳೂ ನಗುತ್ತವೆ. ಕೊನೆಗೆ ನಂಬರ್ ಕರೆದೆ. ಜೈಲಿನಲ್ಲಿ ತಲೆ ಎಣಿಸಿದ ಹಾಗಿತ್ತು. ಬೇಗ ಮುಗಿಯಿತು, ಅಷ್ಟೇ ಸುಖ.

ಭಿನ್ನರಾಶಿ ಶುರು. "ಅರ್ಧ" ಅಂದೆ. ಸ್ಕೂಲಿನ ಭಾಷೆ ತಿಳಿಯುವ ಹನ್ನೆರಡು ಮುಖ ಅರಳಿದವು. ಉಳಿದವು ನನ್ನ ಬಾಯನ್ನೇ ನೋಡುತ್ತ ಕೂತಿದ್ದವು. ಒಂದು ಹಾಳೆ ತೆಗೆದು ಎರಡು ತುಂಡು ಮಾಡಿ ತೋರಿಸಿದೆ. ಮೂರನೇ ಬೆಂಚಿನ ಒಬ್ಬ ತನ್ನ ನೋಟ್‌ಬುಕ್ಕನ್ನೇ ಪರ್ರನೆ ಹರಿದ. ಅರ್ಥವಾಯಿತು ಅಂತ ತೋರಿಸುವುದಕ್ಕೆ! ಬೈಯಬೇಕೋ ಮುದ್ದಾಡಬೇಕೋ ಗೊತ್ತಾಗಲಿಲ್ಲ. ಬೈದೆ.

ಗಂಟಲು ಕೂತಿದೆ. ಇಪ್ಪತ್ತೊಂದು ವರ್ಷದ ಸರ್ವಿಸಿನಲ್ಲಿ ಇಷ್ಟು ಸುಸ್ತು ಯಾವತ್ತೂ ಆಗಿರಲಿಲ್ಲ. ಇವರು ಲಿಫ್ಟ್ ರಿಪೇರಿ ಮುಗಿಸಿ ಬಂದು, ಕೈಯ ಗ್ರೀಸ್ ಒರೆಸಿಕೊಳ್ಳುತ್ತ, "ನಿನ್ನ ಕ್ಲಾಸೂ ನನ್ನ ಲಿಫ್ಟೂ ಒಂದೇ ಕಣೇ. ನಾವು ಒತ್ತೋದು ಎರಡು, ಅದು ಹೋಗೋದು ಏಳಕ್ಕೆ" ಅಂದರು. ನಗು ಬಂತು. ಹಿಂದೆಯೇ ಅಳುವೂ ಬಂತು. ನೀರು ಕುಡಿದು ಎರಡನ್ನೂ ನುಂಗಿಕೊಂಡೆ.

ಜೂನ್ 14, ಶುಕ್ರವಾರ. ಊಟದ ಬಿಡುವು

"ಆರರ ಫಾರಂ" ಬಂದಿದೆ. ಪ್ರತಿ ಜೂನ್‌ನಲ್ಲೂ ಬರುತ್ತದೆ. ಕಲಿಕೆಯಲ್ಲಿ ತೀರಾ ಹಿಂದೆ ಬಿದ್ದ ಮಕ್ಕಳು ಆರು ಜನ ಇದ್ದರೆ ಆ ಕ್ಲಾಸಿಗೆ ಒಬ್ಬ ಸಹಾಯಕಿಯನ್ನು ಕೊಡುತ್ತಾರೆ. ಐದೇ ಇದ್ದರೆ ಇಲ್ಲ. ಆರು ಸಾಲು, ಪ್ರತಿ ಸಾಲಿನ ಮುಂದೆ ಹನ್ನೆರಡು ಚೌಕ, ಟಿಕ್ ಹಾಕಬೇಕು.

ನನ್ನ ಹತ್ತಿರ ಐದು ಮಕ್ಕಳಿವೆ. ನಿಜವಾದ ಐದು. ಎಲ್ಲ ಕ್ಲಾಸಿನಲ್ಲೂ ಇದೇ ಕಥೆ, ನಾಲ್ಕೋ ಐದೋ. ಉಳಿದದ್ದನ್ನು ಟೀಚರುಗಳು "ಹೊಂದಿಸಿ"ಕೊಳ್ಳುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಮೂರನೇ ಕ್ಲಾಸಿನ ಟೀಚರ್ ಡಬ್ಬಿ ಮುಚ್ಚುತ್ತ, "ಯಾರ ಅಪ್ಪ ಅಮ್ಮ ಬಂದು ಜಗಳ ತೆಗೆಯಲ್ವೋ ಆ ಮಗೂನ ಬರಿಯಮ್ಮ. ಫೈಲಲ್ಲಿ ಬಿದ್ದಿರುತ್ತೆ. ಯಾರ್ ನೋಡ್ತಾರೆ?" ಅಂದರು.

ಯೋಚನೆ ಮಾಡಲು ಎರಡು ನಿಮಿಷವೂ ಬೇಕಾಗಲಿಲ್ಲ. ಇಪ್ಪತ್ತಮೂರನೇ ನಂಬರ್. ಕಿಟಕಿ ಪಕ್ಕದ ಹುಡುಗಿ. ಎರಡು ಬಿಗಿ ಜಡೆ ಹಾಕಿಕೊಂಡು ಬರುತ್ತಾಳೆ, ಅದಕ್ಕೇ ಮಕ್ಕಳೆಲ್ಲ ಎರಡು ಜಡೆ ಅಂತಲೇ ಕರೆಯುವುದು. ಬಂದ ದಿನದಿಂದ ಒಂದು ಮಾತಿಲ್ಲ. ಏನು ಕೇಳಿದರೂ ಬೆಂಚಿನ ಅಂಚನ್ನು ನೋಡುತ್ತಾಳೆ. ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವಲ್ಲಿ ಕೆಲಸ. ಅವಳಿಗೆ ಸ್ಕೂಲಿನ ಭಾಷೆ ಒಂದಕ್ಷರ ಬರುವುದಿಲ್ಲ.

ಉತ್ತರಿಸುವುದಿಲ್ಲ: ಟಿಕ್. ಕಣ್ಣು ಕೊಟ್ಟು ನೋಡುವುದಿಲ್ಲ: ಟಿಕ್. ಹೇಳಿದ್ದು ಗ್ರಹಿಸುವುದಿಲ್ಲ: ಟಿಕ್. ಅನುಮಾನಕ್ಕೆ ಎಡೆ ಬೇಡ ಅಂತ ಹನ್ನೆರಡರಲ್ಲಿ ಹನ್ನೊಂದಕ್ಕೆ ಹಾಕಿದೆ. ಅವಳ ನೋಟ್‌ಬುಕ್ಕಿನಲ್ಲಿ ಲೆಕ್ಕಗಳು ಸರಿಯಿದ್ದವು. ಪಕ್ಕದವಳದ್ದು ನೋಡಿ ಬರೆದಿರಬೇಕು ಅಂದುಕೊಂಡೆ. ಹಾಗಂದುಕೊಂಡರೆ ನನಗೆ ಅನುಕೂಲವಿತ್ತು.

ಜುಲೈ 4, ಗುರುವಾರ

ಸಹಾಯಕಿ ಬಂದಳು! ಇಪ್ಪತ್ತೆರಡು ವರ್ಷ, ನನ್ನ ಭುಜಕ್ಕೂ ಬರುವುದಿಲ್ಲ. ಮಕ್ಕಳು ಮಧ್ಯಾಹ್ನದೊಳಗೆ "ಪುಟ್ಟ ಮೇಡಂ" ಅಂತ ಹೆಸರಿಟ್ಟಾಯಿತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಐದು ಮಕ್ಕಳಿಗೆ ಮಣ್ಣಿನಲ್ಲಿ ಅಂಕಿ ಮಾಡಿಸಿದಳು. ಮನೆಯಲ್ಲಿ ಇವಳೊಬ್ಬಳದೇ ದುಡಿಮೆಯಂತೆ, ತಾಯಿಗೆ ಕಾಯಿಲೆ.

ಇವತ್ತು ಮೊದಲ ಸಲ ಕೂತು ಚಹಾ ಕುಡಿದೆ. ಬಿಸಿ ಇರುವಾಗಲೇ.

ಆಗಸ್ಟ್ 16, ಶುಕ್ರವಾರ

"ನಾವೆಲ್ಲ ಒಂದು" ದಿನ. ಹೆಡ್ ಮೇಡಂಗೆ ವರ್ಷಕ್ಕೊಂದು ಸಲ ಬರುವ ಜ್ವರ. ಮಕ್ಕಳಿಗೆ ಬಣ್ಣಬಣ್ಣದ ಬಟ್ಟೆ, ಕಾರಿಡಾರ್ ತುಂಬ ಒಂಬತ್ತು ಲಿಪಿಯಲ್ಲಿ "ಸ್ವಾಗತ". ಆಡಳಿತ ಮಂಡಳಿಯ ಅಧ್ಯಕ್ಷರು ಒಂಬತ್ತರ ಮುಂದೆಯೂ ನಿಂತು ಫೋಟೋ ತೆಗೆಸಿಕೊಂಡರು. ಎರಡು ಜಡೆಯ ಭಾಷೆಯ ಚಾರ್ಟ್ ಮುಂದೆ, "ಎಂಥ ಚೆಂದದ ಅಕ್ಷರ, ಚಿತ್ರ ಬರೆದ ಹಾಗಿದೆ" ಅಂದರು.

ಚಾರ್ಟ್ ತಲೆಕೆಳಗಾಗಿತ್ತು. ಪುಟ್ಟ ಮೇಡಂ ಆಮೇಲೆ ಫೋನಿನಲ್ಲಿ ನೋಡಿ ಕಂಡುಹಿಡಿದಳು. ಕಟ್ಟಿದವಳು ನಾನೇ. ಎರಡು ವಾರದಿಂದ ಆ ಹುಡುಗಿ ದಿನಾ ಅದರ ಕೆಳಗೇ ಚಪ್ಪಲಿ ಬಿಡುತ್ತಿದ್ದಳು. ಒಮ್ಮೆಯೂ ಹೇಳಲಿಲ್ಲ. ನಾನೂ ಪುಟ್ಟ ಮೇಡಂನೂ ಹೊಟ್ಟೆ ಹಿಡಿದು ನಕ್ಕೆವು. ಅದು ಸುಣ್ಣದ ಗೋಡೆಗೆ ಗಟ್ಟಿಯಾಗಿ ಅಂಟಿತ್ತು. ಆಮೇಲೆ ತಿರುಗಿಸಿದರಾಯಿತು ಅಂತ ಬಿಟ್ಟೆವು.

ಆಗಸ್ಟ್ 28, ಬುಧವಾರ. ಮಧ್ಯಾಹ್ನ

ಮೊದಲು ಬರೆದುಬಿಡುತ್ತೇನೆ.

ಬಿಡುವಿನಲ್ಲಿ ನೀರಿನ ಬಾಟಲಿ ತರಲು ಹಿಂದಿನ ಮೆಟ್ಟಿಲು ಇಳಿಯುತ್ತಿದ್ದೆ. ಮೆಟ್ಟಿಲ ಕೆಳಗಿನ ಸಂದಿಯಿಂದ ಒಂದು ದನಿ. ಗಟ್ಟಿ ದನಿ, ಟೀಚರ್ ದನಿ. ಬಗ್ಗಿ ನೋಡಿದೆ. ಹದಿನಾಲ್ಕೋ ಹದಿನೈದೋ ಮಕ್ಕಳು ನೆಲದ ಮೇಲೆ. ನಡುವೆ ಎರಡು ಜಡೆ. ಕೈಯಲ್ಲಿ ಒಂದು ಬನ್ನು. ಅದನ್ನು ಎರಡು ತುಂಡು ಮಾಡಿದಳು, ಆಮೇಲೆ ನಾಲ್ಕು. ಒಂದು ಗುಂಪಿನ ಕಡೆ ತಿರುಗಿ ಒಂದು ಭಾಷೆಯಲ್ಲಿ ಹೇಳಿದಳು, ಇನ್ನೊಂದು ಗುಂಪಿಗೆ ಇನ್ನೊಂದರಲ್ಲಿ, ಮೂರನೆಯದಕ್ಕೆ ಮತ್ತೊಂದರಲ್ಲಿ. ಕೊನೆಗೆ ಸ್ಕೂಲಿನ ಭಾಷೆಯಲ್ಲಿ, ನನ್ನದೇ ಮಾತು, ನನ್ನದೇ ರಾಗ: "ಕೆಳಗಿರೋ ಅಂಕಿ ದೊಡ್ಡದಾದಷ್ಟೂ ತುಂಡು ಚಿಕ್ಕದು. ಗೊತ್ತಾಯ್ತಾ? ಎಲ್ಲಿ, ತಲೆ ಅಲ್ಲಾಡಿಸ್ಬೇಡಿ, ಬಾಯ್ಬಿಟ್ಟು ಹೇಳಿ!"

ನನ್ನನ್ನು ಅಣಕಿಸಿದ್ದಕ್ಕೆ ಮಕ್ಕಳೆಲ್ಲ ಗೊಳ್ಳೆಂದು ನಕ್ಕವು. ನಾನೂ ನಕ್ಕುಬಿಟ್ಟೆ. ಆ ಸದ್ದಿಗೆ ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಅವಳ ಬಾಯಿ ಕಟ್ಟಿತು. ಬನ್ನಿನ ತುಂಡುಗಳನ್ನು ಹಂಚಿ, ಗೋಡೆಗೆ ಒತ್ತಿಕೊಂಡೇ ನನ್ನನ್ನು ದಾಟಿ ಹೊರಟುಹೋದಳು.

ನಾಲ್ಕು ಭಾಷೆ. ಒಂಬತ್ತು ವರ್ಷದ ಮಗು. ನನ್ನ ಕ್ಲಾಸು ಇಷ್ಟು ದಿನ ನಡೆದದ್ದು ಇವಳಿಂದ. ನಾನು, ನನ್ನ ಪಾಠ, ನನ್ನ ಚಾರ್ಟು ಅಂತ ಬೀಗುತ್ತಿದ್ದೆನಲ್ಲ! ನನ್ನ ಮುಖಕ್ಕಿಷ್ಟು.

ಸೆಪ್ಟೆಂಬರ್ 17, ಮಂಗಳವಾರ

ಶಿಕ್ಷಣ ಇಲಾಖೆಯ ಆಫೀಸಿನಿಂದ ಪತ್ರ. ಹೊಸ ಆದೇಶ. ಆರರ ಫಾರಂನಲ್ಲಿ ಹತ್ತಕ್ಕಿಂತ ಹೆಚ್ಚು ಟಿಕ್ ಇರುವ ಮಕ್ಕಳು ಇನ್ನು ಮಾಮೂಲಿ ಸ್ಕೂಲಿನಲ್ಲಿ ಇರುವಂತಿಲ್ಲ. ಬಸ್ ಡಿಪೋ ಹಿಂದಿನ "ಕೇಂದ್ರ"ಕ್ಕೆ ಹೋಗಬೇಕು. ಹೋದ ಮಗು ಈ ವರ್ಷಕ್ಕೆ ಆರರ ಲೆಕ್ಕದಲ್ಲೇ ಇರುತ್ತದಂತೆ. ನಮ್ಮ ಸ್ಕೂಲಿನಿಂದ ಒಂದೇ ಹೆಸರು.

ಇಪ್ಪತ್ತಮೂರು.

ನಿಜವಾಗಿ ಹಿಂದಿರುವ ಐದಕ್ಕೂ ನಾನು ಏಳೋ ಎಂಟೋ ಟಿಕ್ ಹಾಕಿದ್ದೆ, ಪ್ರಾಮಾಣಿಕವಾಗಿ. ಸುಳ್ಳಿಗೆ ಹನ್ನೊಂದು! ಊಟದ ಡಬ್ಬಿಯನ್ನು ಹಾಗೇ ವಾಪಸ್ ತಂದೆ.

ಆ ಕೇಂದ್ರ ನನಗೆ ಗೊತ್ತು. ಒಮ್ಮೆ ಡ್ಯೂಟಿಗೆ ಹೋಗಿದ್ದೆ. ಒಂದು ಹಾಲ್, ಆರು ವರ್ಷದವರಿಂದ ಹದಿನಾರರವರೆಗೆ ಎಲ್ಲರೂ ಒಟ್ಟಿಗೆ. ಮಣಿ ಪೋಣಿಸುತ್ತಾರೆ. ಅಕ್ಷರ ಕಲಿಸುವುದಿಲ್ಲ. ಅಲ್ಲಿಂದ ವಾಪಸ್ ಬಂದ ಮಗುವನ್ನು ನಾನು ನೋಡಿಲ್ಲ.

ಸೆಪ್ಟೆಂಬರ್ 19, ಗುರುವಾರ

ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡೆ. "ನಂಗೆ ಗೊತ್ತು ಕಣಮ್ಮ, ನೀನು ಮಾತಾಡ್ತೀಯ. ಒಂದೇ ಒಂದು ಮಾತು ನನ್ನ ಹತ್ರ ಆಡು" ಅಂದೆ. ಬೆಂಚಿನ ಅಂಚು. ಚಾಕಲೇಟ್ ಕೊಟ್ಟೆ. ತೆಗೆದುಕೊಂಡಳು, ಪಕ್ಕದವಳಿಗೆ ದಾಟಿಸಿದಳು.

ಪಕ್ಕದವಳಿಗೆ ನಾನಿಟ್ಟ ಹೆಸರು ವಟವಟ. ಇಬ್ಬರೂ ಒಂದೇ ಕಟ್ಟಡದಲ್ಲಿರುವುದು. ಅವಳ ಬಾಯಿಗೆ ಬೀಗವೇ ಇಲ್ಲ. ಕ್ಲಾಸು ಬಿಟ್ಟ ಮೇಲೆ ತಾನಾಗಿಯೇ ಬಂದು ಹೇಳಿದಳು. "ಅವಳು ದೊಡ್ಡೋರ ಹತ್ರ ಮಾತಾಡಲ್ಲ ಟೀಚರ್. ಅವರಪ್ಪನ್ನ ವಾಪಸ್ ಕಳಿಸ್ಬಿಟ್ರಲ್ಲ, ಅವತ್ತಿಂದ."

"ಎಲ್ಲಿಗೆ ಕಳಿಸಿದ್ರು?"

"ಅವ್ರ ಊರಿಗೆ. ಪರ್ಮಿಟ್ ಆಫೀಸಲ್ಲಿ ಅವರಪ್ಪಂಗೆ ಭಾಷೆ ಬರ್ಲಿಲ್ಲ ಅಂತ ಇವಳೇ ಮಾತಾಡಿದ್ದು. ಅಪ್ಪ ಎಲ್ಲಿ ಕೆಲಸ ಮಾಡ್ತಾನೆ ಅಂತ ಕೇಳಿದ್ರು. ಇವಳು ಎರಡು ಕಡೆ ಅಂದ್ಳು. ಒಂದೇ ಕಡೆ ಮಾಡ್ಬೇಕಂತೆ ಟೀಚರ್, ರೂಲ್ಸು."

ಏಳು ವರ್ಷದವಳಿದ್ದಳಂತೆ ಆಗ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟಿದ್ದಳು, ಅಷ್ಟೇ.

ಅಕ್ಟೋಬರ್ 8, ಮಂಗಳವಾರ

ಮರುಪರೀಕ್ಷೆ. ಕೇಳಿಕೊಂಡವಳು ನಾನೇ, ಮೂರು ಅರ್ಜಿ ಬರೆದು.

ಪರೀಕ್ಷೆ ಮಾಡುವ ಮೇಡಂ ಒಳ್ಳೆಯವರು, ಮೃದು. ಅದೇ ದುಃಖ. ಲೈಬ್ರರಿ ಬಾಗಿಲು ಹಾಕಿಕೊಂಡರು. ಇಪ್ಪತ್ತು ನಿಮಿಷ. ನಾನು ಹೊರಗೆ ಬಾಗಿಲ ಗಾಜಿನಿಂದ ನೋಡುತ್ತಿದ್ದೆ. ಒಂದೊಂದೇ ಚಿತ್ರ ಎತ್ತಿ ಹಿಡಿದರು. ಹಸು. ಛತ್ರಿ. ರೈಲು. ಎರಡು ಜಡೆ ಮೇಜಿನ ಅಂಚು ನೋಡುತ್ತಿದ್ದಳು. ಎಲ್ಲವೂ ಬಾಯಿಮಾತಿನ ಪರೀಕ್ಷೆ, ಬರೆದು ತೋರಿಸುವಂತಿಲ್ಲ. ಹೇಳೇ ತಾಯಿ, ಹಸು ಅಂತ ಹೇಳೇ, ಅಂತ ಇಲ್ಲಿ ಹಲ್ಲು ಕಚ್ಚಿಕೊಂಡು ನಿಂತಿದ್ದೆ.

"ಮೆಟ್ಟಿಲ ಕೆಳಗೆ ಪಾಠ ಮಾಡ್ತಾಳೆ ಮೇಡಂ, ನಾಲ್ಕು ಭಾಷೇಲಿ" ಅಂದೆ, ಅವರು ಹೊರಗೆ ಬಂದ ಕೂಡಲೇ.

ಅವರು ಫೈಲ್ ತಿರುವಿದರು. "ಹೇಳಿದ್ದು ಗ್ರಹಿಸುವುದಿಲ್ಲ ಅಂತ ಜೂನ್‌ನಲ್ಲಿ ನೀವೇ ಬರ್ದಿದ್ದೀರಲ್ಲಮ್ಮ. ಸಹಿ ನಿಮ್ಮದೇ ಅಲ್ವಾ?"

ನನ್ನದೇ. ನೀಲಿ ಶಾಯಿ, ಉದ್ದ ಬಾಲದ ಸಹಿ.

ಅಕ್ಟೋಬರ್ 9, ಬುಧವಾರ

ಹೆಡ್ ಮೇಡಂ ಹತ್ತಿರ ಹೋಗಿ ಒಪ್ಪಿಕೊಂಡೆ. ಅವರು ಕಾರಿಡಾರಿನಲ್ಲಿ ನೀರಿನ ನಲ್ಲಿಗಳನ್ನು ಪರೀಕ್ಷಿಸುತ್ತಿದ್ದರು. ಅಲ್ಲೇ ಹೇಳಿಬಿಟ್ಟೆ. "ಸುಳ್ಳು ಟಿಕ್ ಹಾಕಿದೀನಿ ಮೇಡಂ. ಬರೆದು ಕೊಡ್ತೀನಿ. ಹೆಸರು ತೆಗೆಸಿ."

ಅವರು ನಲ್ಲಿ ನಿಲ್ಲಿಸಿದರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

"ನೀನೊಬ್ಳೇನಾ ಹಾಕಿರೋದು? ಒಂದು ಹೆಸರು ಸುಳ್ಳು ಅಂತ ಆದ್ರೆ ಇಡೀ ಸ್ಕೂಲಿನ ಪಟ್ಟಿ ತಪಾಸಣೆಗೆ ಬರುತ್ತೆ. ಎಂಟು ಕ್ಲಾಸು, ಎಂಟು ಸಹಾಯಕಿಯರು. ಅಷ್ಟೂ ಜನ ಮಾರನೇ ದಿನ ಮನೆಗೆ. ನಿನ್ನ ಪುಟ್ಟ ಮೇಡಂನೂ ಸೇರಿ. ನಿಜವಾಗ್ಲೂ ಸಹಾಯ ಬೇಕಾದ ಮಕ್ಕಳು ಒಂದು ಮೂವತ್ತೈದು ಇದ್ದಾವೆ. ಅವಕ್ಕೆ ಯಾರಮ್ಮ ಗತಿ?"

"ಹಂಗಂತ ಈ ಮಗೂನ..."

"ತಾಯಿ ಸಹಿ ಇಲ್ಲದೆ ಕಳಿಸೋ ಹಾಗಿಲ್ಲ. ತಾಯಿ ಒಪ್ಪದಿದ್ರೂ ಸಮಿತಿ ಬರುತ್ತೆ, ತಪಾಸಣೆ ಮಾಡುತ್ತೆ. ಸುತ್ತಿ ಸುತ್ತಿ ಅಲ್ಲಿಗೇ ಬರೋದು. ನೀನೇ ಅವಳ ಮನೆಗೆ ಹೋಗಿ ಸಹಿ ಹಾಕಿಸ್ಕೊಂಡು ಬಾ. ಸಾಕು."

ತಿರುಗಿದರೆ ಕೊನೆಯ ನಲ್ಲಿಯ ಹತ್ತಿರ ವಟವಟ, ಬಾಟಲಿ ತುಂಬಿ ನೀರು ಹೊರಗೆ ಚೆಲ್ಲುತ್ತಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಮನೆಗೆ ಬಂದವಳೇ ತಪ್ಪೊಪ್ಪಿಗೆ ಪತ್ರ ಬರೆದೆ. ಒಂದೂವರೆ ಪುಟ. ಸಹಿಯನ್ನೂ ಹಾಕಿ ಬ್ಯಾಗಿಗೆ ಸೇರಿಸಿದೆ. ಇವರಿಗೆ ಓದಿ ಹೇಳಿದೆ. "ಕೊಡ್ಬೇಕು ಅನ್ಸಿದ್ರೆ ಕೊಡು, ಆಮೇಲೆ ಬಂದು ನನ್ನ ತಲೆ ತಿನ್ಬೇಡ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕೊಡು ಕಣೇ" ಅಂದರು.

ಅಕ್ಟೋಬರ್ 10, ಗುರುವಾರ. ಬೆಳಿಗ್ಗೆ

ಇನ್ನೂ ಬ್ಯಾಗಿನಲ್ಲೇ ಇದೆ. ಹೆಡ್ ಮೇಡಂ ರೂಮಿನ ಬಾಗಿಲ ತನಕ ಹೋದೆ. ನಮ್ಮ ಕ್ಲಾಸಿನಿಂದ ಪುಟ್ಟ ಮೇಡಂ ನಗು ಕೇಳಿಸಿತು. ಐದರಲ್ಲಿ ಒಂದು ಮಗು ಇವತ್ತು ಮೊದಲ ಸಲ ತನ್ನ ಹೆಸರು ಬರೆದಿತ್ತು. ವಾಪಸ್ ಬಂದೆ.

ಒಂದು ಉಪಾಯ ಹೊಳೆದಿದೆ. ತಾಯಿಯ ಹತ್ತಿರ ಹೋಗುತ್ತೇನೆ. ಸಹಿ ಮಾಡಬೇಡ ಅಂತ ಹೇಳುತ್ತೇನೆ. ಬೇಡ ಅಂದವಳು ತಾಯಿ, ನಾನಲ್ಲ. ಸಮಿತಿ ಬಂದರೆ ಬರಲಿ. ನನ್ನ ಪತ್ರ ಕೊಡುವ ಪ್ರಮೇಯವೇ ಬರುವುದಿಲ್ಲ. ಹೇಡಿಯ ಬುದ್ಧಿ ಅಂತ ಗೊತ್ತು. ಹೇಡಿಯ ಕೈಯಲ್ಲೂ ಒಂದು ಒಳ್ಳೆಯ ಕೆಲಸ ಆಗಬಾರದು ಅಂತ ಎಲ್ಲಾದರೂ ಇದೆಯೇ?

ಅಕ್ಟೋಬರ್ 12, ಶನಿವಾರ. ಸಂಜೆ

ಹೋಗಿ ಬಂದೆ.

ನಾಲ್ಕನೇ ಮಹಡಿ, ಒಂದು ಕೋಣೆ. ಗೋಡೆಯುದ್ದಕ್ಕೂ ಹಗ್ಗ, ಹಗ್ಗದ ಮೇಲೆ ಯೂನಿಫಾರಂ. ಒಂದೇ ಕುರ್ಚಿ, ಅದನ್ನು ನನಗೆ ಕೊಟ್ಟರು. ತಾಯಿಗೆ ನನಗಿಂತ ಹತ್ತು ಹನ್ನೆರಡು ವರ್ಷ ಕಡಿಮೆ ಇರಬೇಕು. ಬೆರಳ ತುದಿಯೆಲ್ಲ ಸೋಪಿಗೆ ಬಿಳಿಚಿಕೊಂಡು ಸುಕ್ಕುಗಟ್ಟಿದ್ದವು. ಟೀಚರ್ ಮನೆಗೇ ಬಂದರಲ್ಲ ಅಂತ ಗಾಬರಿ, ಸಂಭ್ರಮ.

ಮಾತು ದಾಟಿಸಲು ಯಾರೂ ಇಲ್ಲ. ವಟವಟಳ ಮನೆಯ ಬಾಗಿಲಿಗೆ ಬೀಗ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ! ಎರಡು ಜಡೆ ಗೋಡೆಗೆ ಒರಗಿ ನಿಂತಿದ್ದಳು. ಬೇರೆ ದಾರಿ ಇರಲಿಲ್ಲ. ಒಪ್ಪಿಗೆಯ ಫಾರಂ ಮೇಜಿನ ಮೇಲಿಟ್ಟು ಅವಳಿಗೇ ಹೇಳಿದೆ. ನಿಧಾನವಾಗಿ, ಬಿಡಿಸಿ ಬಿಡಿಸಿ.

"ನಿಮ್ಮಮ್ಮಂಗೆ ಹೇಳು. ಈ ಕಾಗದ ನಿನ್ನ ಬೇರೆ ಕಡೆ ಕಳಿಸೋಕೆ. ಅಲ್ಲಿ ಪಾಠ ಇಲ್ಲ. ಇದಕ್ಕೆ ಸಹಿ ಮಾಡ್ಬಾರ್ದು. ಇದೆಲ್ಲ ಆಗಿದ್ದು ನನ್ನ ತಪ್ಪಿಂದ."

ಅವಳು ಕೇಳಿಸಿಕೊಂಡಳು. ನನ್ನ ಮುಖವನ್ನು ನೇರವಾಗಿ ನೋಡಿದಳು, ಮೊದಲ ಸಲ. ಆಮೇಲೆ ತಾಯಿಯ ಕಡೆ ತಿರುಗಿ ಮಾತಾಡಿದಳು. ತಡವರಿಸದೆ, ಕೈಯಾಡಿಸುತ್ತ, ಮೆಟ್ಟಿಲ ಕೆಳಗಿನ ಅದೇ ದನಿ. ನಾನು ಕಾದು ಕೂತಿದ್ದೆ. ತಾಯಿ ಅಳುತ್ತಾಳೆ, ಬೈಯುತ್ತಾಳೆ, ಬೈಯಲಿ ಅಂತ.

ತಾಯಿಯ ಮುಖ ಅರಳಿತು. ಮಗಳ ಕೆನ್ನೆ ಹಿಡಿದು ಏನೋ ಕೇಳಿದಳು. ಮಗಳು ಹೌದು ಅಂತ ತಲೆಯಾಡಿಸಿದಳು. ತಾಯಿ ಕೈ ಒರೆಸಿಕೊಂಡು ಬಂದು, ನಾನು ಏಳುವುದರೊಳಗೆ ಪೆನ್ ಎತ್ತಿಕೊಂಡು, ಗೆರೆಯ ಮೇಲೆ ಒಂದೊಂದೇ ಅಕ್ಷರ ಕೂರಿಸಿ ಸಹಿ ಮಾಡಿದಳು. "ಬೇಡ, ಬೇಡ" ಅಂದೆ. ಉಪಚಾರಕ್ಕೆ ಹೇಳುತ್ತಿದ್ದೇನೆ ಅಂದುಕೊಂಡಳೋ ಏನೋ, ನಗುತ್ತ ನನ್ನ ಎರಡೂ ಕೈ ಹಿಡಿದುಕೊಂಡಳು. ಚಹಾ ಮಾಡಲು ಒಲೆಯ ಕಡೆ ಹೋದಳು.

ಆಗ ಎರಡು ಜಡೆ ನನ್ನ ಜೊತೆ ಮಾತಾಡಿದಳು. ಸಣ್ಣ ದನಿಯಲ್ಲಿ.

"ನೀವು ಹೇಳಿದ್ದು ಅಮ್ಮಂಗೆ ಹೇಳ್ಲಿಲ್ಲ ಟೀಚರ್."

"ಮತ್ತೇನು ಹೇಳ್ದೆ?"

"ದೊಡ್ಡ ಸ್ಕೂಲು. ಚೆನ್ನಾಗಿ ಓದೋರನ್ನ ಮಾತ್ರ ಆರಿಸ್ತಾರೆ. ನಮ್ಮ ಸ್ಕೂಲಿಂದ ನನ್ನೊಬ್ಳನ್ನೇ ಆರಿಸಿದಾರೆ, ಅಂತ."

"ಯಾಕೆ ಪುಟ್ಟಿ? ಯಾಕೆ ಹಂಗೆ ಹೇಳ್ದೆ?"

"ಅಮ್ಮ ಸಹಿ ಮಾಡದಿದ್ರೆ ಪುಟ್ಟ ಮೇಡಂ ಹೋಗ್ತಾರಂತಲ್ಲ. ಎಂಟು ಜನ." ಬೆರಳು ಬಿಡಿಸಿ ತೋರಿಸಿದಳು. "ಅಪ್ಪನ ಆಫೀಸಲ್ಲಿ ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳ್ದೆ ಟೀಚರ್. ಆಮೇಲೆ ಅಪ್ಪನ್ನ ಕಳಿಸಿದ್ರು. ಈ ಸಲ ಹಂಗೆ ಹೇಳ್ಲಿಲ್ಲ."

ನಾಲ್ಕು ತಿಂಗಳು ಇವಳ ಒಂದು ಮಾತಿಗೆ ಕಾದವಳು ನಾನು. ಚಹಾ ಬಂತು. ಕುಡಿದೆ. ತಾಯಿ ಏನೇನೋ ಹೇಳುತ್ತಿದ್ದಳು, ಮಗಳು ನನಗೆ ದಾಟಿಸುತ್ತಿದ್ದಳು: ಅಲ್ಲಿಗೆ ಯಾವ ಬಣ್ಣದ ಯೂನಿಫಾರಂ, ಶೂ ಬೇಕಾ, ಊಟ ಕೊಡ್ತಾರಾ. ಉತ್ತರ ಕೊಟ್ಟೆ. ಊಟ ಕೊಡ್ತಾರೆ ಅಂದೆ.

ಆ ಫಾರಂ ದಾರಿಯಲ್ಲಿ ಹರಿದು ಬಿಸಾಡಬಹುದಿತ್ತು. ಮೂರು ಕಸದ ತೊಟ್ಟಿ ದಾಟಿದೆ. ಈಗ ಬ್ಯಾಗಿನಲ್ಲಿ ಎರಡು ಕಾಗದ, ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಸೋಮವಾರ ಒಂದನ್ನು ಕೊಡಬೇಕು.

ನವೆಂಬರ್ 4, ಸೋಮವಾರ

ಇಪ್ಪತ್ತಮೂರು ದಿನ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದೆ.

ತಾಯಿ ಸಹಿ ಮಾಡಿದ್ದನ್ನು ಕೊಟ್ಟೆ. ನನ್ನ ಪತ್ರ ಈ ಪುಸ್ತಕದ ಹಿಂದಿನ ರಟ್ಟಿನೊಳಗಿದೆ. ಆಫೀಸಿನ ಗುಮಾಸ್ತ ಠಪ್ಪನೆ ಸೀಲ್ ಒತ್ತಿ, "ಇಷ್ಟು ಬೇಗ ಒಪ್ಪಿದ್ರಾ? ಬೇರೆ ಕಡೆ ತಾಯಂದ್ರು ಗಲಾಟೆ ಮಾಡ್ತಾರೆ" ಅಂದ.

ಇವತ್ತು ವ್ಯಾನ್ ಬಂತು. ತಾಯಿ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಇಸ್ತ್ರಿ ಮಾಡಿದ ಬಟ್ಟೆ, ತಲೆಗೆ ಎಣ್ಣೆ, ಮಗಳ ಜಡೆಗೆ ಹೊಸ ರಿಬ್ಬನ್. ಒಂದು ದೊಡ್ಡ ಪೊಟ್ಟಣ ಚಾಕಲೇಟು ತಂದಿದ್ದಳು. ಕ್ಲಾಸಿನ ಮಕ್ಕಳಿಗೆಲ್ಲ, ಗೇಟಿನ ಅಜ್ಜನಿಗೆ, ಹೆಡ್ ಮೇಡಂಗೆ. ನನಗೆ ಎರಡು. ಹೆಡ್ ಮೇಡಂ ತಗೊಂಡು ಬಾಯಿಗೆ ಹಾಕಿಕೊಳ್ಳದೆ, ಅಂಗೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಅವರ ಕಣ್ಣಲ್ಲೂ ನೀರಿತ್ತು. ಏನು ಉಪಯೋಗ!

ಪುಟ್ಟ ಮೇಡಂಗೆ ಏನೂ ಗೊತ್ತಿಲ್ಲ. "ಪಾಪ, ಇವಳಿಗೆ ಅಲ್ಲೇ ಒಳ್ಳೇದಾಗುತ್ತೇನೋ ಅಲ್ವಾ ಮೇಡಂ?" ಅಂದಳು. ಹ್ಞೂಂ ಅಂದೆ.

ಹೊರಡುವ ಮುಂಚೆ ಎರಡು ಜಡೆ ಕಾರಿಡಾರಿಗೆ ಹೋಗಿ ಚಪ್ಪಲಿ ಕಟ್ಟೆಯ ಮೇಲೆ ಹತ್ತಿದಳು. ಚಾರ್ಟಿನ ನಾಲ್ಕು ಮೂಲೆಯನ್ನೂ ಉಗುರಿನಿಂದ ಎಬ್ಬಿಸಿ, ತಿರುಗಿಸಿ, ಅಂಗೈಯಿಂದ ಒತ್ತಿ ಮತ್ತೆ ಅಂಟಿಸಿದಳು. ಆಮೇಲೆ ವ್ಯಾನ್ ಹತ್ತಿದಳು. ನನಗೆ ಕೈ ಬೀಸಿದಳು. ನಾನೂ ಬೀಸಿದೆ.

ನವೆಂಬರ್ 20, ಬುಧವಾರ

ದಶಮಾಂಶ. ಯಾರಿಗೂ ಅರ್ಥವಾಗಲಿಲ್ಲ. ಬಿಡುವಿನಲ್ಲಿ ಮೆಟ್ಟಿಲ ಕೆಳಗೆ ಬಗ್ಗಿ ನೋಡಿದೆ. ಒಂದು ಹಳೇ ಬಕೆಟ್ ಇತ್ತು. ಮಕ್ಕಳು ಮೈದಾನದಲ್ಲಿ ಒಂಬತ್ತು ಗುಂಪಾಗಿ ಕೂತಿದ್ದವು. ಮೊದಲೂ ಹೀಗೇ ಕೂರುತ್ತಿದ್ದವೇ? ನಾನು ಗಮನಿಸಿರಲಿಲ್ಲ.

ವಟವಟ ಈಗ ಸುಮ್ಮನಿರುತ್ತಾಳೆ.

ಡಿಸೆಂಬರ್ 11, ಬುಧವಾರ

ಅರ್ಧ ದಿನ ರಜೆ ಹಾಕಿ ಕೇಂದ್ರಕ್ಕೆ ಹೋಗಿದ್ದೆ. ಎರಡು ಭಿನ್ನರಾಶಿ ಪುಸ್ತಕ, ಒಂದು ಕಥೆ ಪುಸ್ತಕ ಹಿಡಿದುಕೊಂಡು. ಹಾಲಿನ ಮೂಲೆಯಲ್ಲಿದ್ದಳು. ತಟ್ಟೆಯಲ್ಲಿ ಮಣಿ, ಕೆಂಪು, ಹಳದಿ. ರಿಬ್ಬನ್ ಅದೇ, ಕೊಳೆಯಾಗಿದೆ. ಪಕ್ಕದಲ್ಲಿ ಹದಿನಾಲ್ಕು ವರ್ಷದ ಒಬ್ಬಳು ಸುಮ್ಮನೆ ತೂಗಾಡುತ್ತಿದ್ದಳು.

ಹತ್ತಿರ ಕೂತೆ. ಪುಸ್ತಕ ತೆರೆದೆ. "ನೋಡು, ಮುಕ್ಕಾಲು" ಅಂದೆ. ಅವಳು ತಟ್ಟೆಯ ಅಂಚನ್ನು ನೋಡಿದಳು. ನನ್ನನ್ನು ಗುರುತಿಸಲಿಲ್ಲವೇನೋ ಅಂದುಕೊಂಡೆ. ಗುರುತಿಸಿದ್ದಳು. ನಾನು ಎದ್ದು ಬರುವಾಗ ನನ್ನ ಸೆರಗಿಗೆ ಅಂಟಿದ್ದ ಒಂದು ಮಣಿಯನ್ನು ಬಿಡಿಸಿ ತಟ್ಟೆಗೆ ಹಾಕಿಕೊಂಡಳು.

"ಇಲ್ಲಿ ಬೇರೆ ಮಕ್ಕಳ ಜೊತೆ ಮಾತಾಡ್ತಾಳಾ?" ಅಂತ ಆಯಾಳನ್ನು ಕೇಳಿದೆ.

"ಅಯ್ಯೋ ಇಲ್ಲಮ್ಮ. ತುಂಬಾ ಒಳ್ಳೆ ಮಗು. ಇರೋದೇ ಗೊತ್ತಾಗಲ್ಲ" ಅಂದಳು.

ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಹಾಳಾಗಬಾರದಲ್ಲ, ಅದಕ್ಕೆ. ಬಸ್ಸಿನಲ್ಲಿ ಎಲ್ಲರೆದುರಿಗೆ ಅತ್ತುಬಿಟ್ಟೆ. ಒಬ್ಬರು ಎದ್ದು ಸೀಟು ಕೊಟ್ಟರು.

ಮಾರ್ಚ್ 7, ಶುಕ್ರವಾರ

ಪುಟ್ಟ ಮೇಡಂಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಸಂಬಳ ಇಲ್ಲಿಗಿಂತ ಜಾಸ್ತಿ, ತಾಯಿಯ ಔಷಧಿಗೂ ಆಗುತ್ತದೆ. ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ? ನನ್ನನ್ನು ತಬ್ಬಿಕೊಂಡು ಗೊಳೋ ಅಂತ ಅತ್ತಳು. ಮಕ್ಕಳೂ ಅತ್ತವು. ನನಗೆ ಅಳು ಬರಲಿಲ್ಲ. ಹಣೆ ಹಣೆ ಬಡಿದುಕೊಳ್ಳಬೇಕು ಅನ್ನಿಸಿತು. ಹೋಗಿ ಬಾ ತಾಯಿ, ಚೆನ್ನಾಗಿರು ಅಂದೆ. ನಿಜವಾಗಿಯೂ ಹಾಗೇ ಅನ್ನಿಸಿತು, ಅವಳದ್ದೇನು ತಪ್ಪು.

ರಟ್ಟಿನೊಳಗಿನ ಪತ್ರ ತೆಗೆದು ಓದಿದೆ. ಚೆನ್ನಾಗಿಯೇ ಬರೆದಿದ್ದೇನೆ. ಮಡಿಸಿ ಮತ್ತೆ ಅಲ್ಲೇ ಇಟ್ಟೆ.

ಜೂನ್ 12, ಗುರುವಾರ. ಮಧ್ಯಾಹ್ನದ ಸಣ್ಣ ಬಿಡುವು

ಹೊಸ ವರ್ಷ, ಹೊಸ ನಾಲ್ಕನೇ ಕ್ಲಾಸು. ನಲವತ್ತೊಂದು ಮಕ್ಕಳು, ಹನ್ನೊಂದು ಮನೆಮಾತು. ಹಾಜರಿಗೆ ಇಪ್ಪತ್ತು ನಿಮಿಷ. ಗಂಟಲು ಈಗಲೇ ಕೂತಿದೆ. ಕಾರಿಡಾರಿಗೆ ಸುಣ್ಣ ಹೊಡೆಸಿದ್ದಾರೆ, ಚಾರ್ಟುಗಳನ್ನೆಲ್ಲ ಕಿತ್ತುಹಾಕಿದ್ದಾರೆ.

ಆರರ ಫಾರಂ ಬಂದಿದೆ. ಸಂಜೆ ನಾಲ್ಕರೊಳಗೆ ಕೊಡಬೇಕು, ತಡವಾದರೆ ಈ ವರ್ಷ ಸಹಾಯಕಿ ಇಲ್ಲ. ಮೂರನೇ ಕ್ಲಾಸಿನ ಟೀಚರ್ ಆಗಲೇ ತುಂಬಿ ಕೊಟ್ಟಾಯಿತು. "ಹತ್ತಕ್ಕಿಂತ ಜಾಸ್ತಿ ಟಿಕ್ ಹಾಕ್ಬೇಡ, ಅಷ್ಟೇ" ಅಂದರು. ಹಾಗಂದರೆ ಸುಳ್ಳಲ್ಲವೇ ಅಂತ ಕೇಳಲು ನನಗೆ ಯಾವ ಮುಖ.

ಐದು ತುಂಬಿದ್ದೇನೆ. ನಿಜವಾದ ಐದು. ಈ ಸಲ ತೀರಾ ಕಷ್ಟದ ಮಕ್ಕಳು. ಒಂದಕ್ಕೆ ಪೆನ್ಸಿಲ್ ಹಿಡಿಯಲೂ ಬರುವುದಿಲ್ಲ. ಸಹಾಯಕಿ ಇಲ್ಲದೆ ನನ್ನಿಂದ ಆಗುವುದಿಲ್ಲ, ದೇವರಾಣೆ ಆಗುವುದಿಲ್ಲ.

ಆರನೇ ಸಾಲು ಖಾಲಿ. ಮೂರೂ ಹತ್ತು.

ಬಾಗಿಲ ಹತ್ತಿರದ ಬೆಂಚಿನಲ್ಲಿ ಹೊಸದಾಗಿ ಬಂದ ಹುಡುಗಿ, ಮೂವತ್ತೊಂದನೇ ನಂಬರ್. ಮೂರು ದಿನವಾಯಿತು, ಏನು ಕೇಳಿದರೂ ಸುಮ್ಮನೆ ನಗುತ್ತಾಳೆ. ತಾಯಿಗೆ ಸ್ಕೂಲಿನ ಭಾಷೆ ಬರುವುದಿಲ್ಲವಂತೆ. ಎಂಟೇ ಟಿಕ್ ಹಾಕಿದರೆ ಏನೂ ಆಗುವುದಿಲ್ಲ, ಫೈಲಿನಲ್ಲಿ ಬಿದ್ದಿರುತ್ತದೆ, ಯಾರು...